ಮಿಲಿಟರಿ ಬಿಟ್ಟು ಊರಿಗೆ ಬಂದ ಮೊದಲ ವರ್ಷ: ಓದಿನ ಸೌಲಭ್ಯ ಕೈತಪ್ಪದಂತೆ ಪಡೆಯೋದು ಹೇಗೆ

ಹದಿನೇಳು ವರ್ಷ ಸರ್ವಿಸ್ ಮುಗಿಸಿ ದಾವಣಗೆರೆಗೆ ಬಂದಾಗ ನನ್ನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಿಟ್ಟ ಒಂದು ಕಾಗದ ಇತ್ತು. ಪದವಿಗೆ ಸಮಾನ ಎಂದು ರೆಕಾರ್ಡ್ ಆಫೀಸು, ಅಂದರೆ ನಮ್ಮ ಸೇವಾ ದಾಖಲೆ ಇಡುವ ಸೇನೆಯ ಕಚೇರಿ, ಕೊಟ್ಟ ಸರ್ಟಿಫಿಕೇಟು. ಎಂ.ಎ.ಗೆ ಸೇರೋಣ ಅಂತ ಅದನ್ನು ಹಿಡಿದು ಅಡ್ಮಿಷನ್ ಕೌಂಟರಿಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸರ್, ಇದರ ಮಾರ್ಕ್ಸ್ ಕಾರ್ಡ್ ಎಲ್ಲಿ?" ಅಂದರು. ಮಾರ್ಕ್ಸ್ ಕಾರ್ಡ್ ಇರಲಿಲ್ಲ. ಇರೋದಕ್ಕೆ ಸಾಧ್ಯವೂ ಇರಲಿಲ್ಲ. ಆ ಕಾಗದ ಯಾವುದಕ್ಕೆ ನಡೆಯುತ್ತದೆ, ಯಾವುದಕ್ಕೆ ನಡೆಯೋದಿಲ್ಲ ಅಂತ ಹದಿನೇಳು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಮೊದಲಿನಿಂದ ಬಿ.ಎ. ಓದಿದೆ. ನಲವತ್ತು ದಾಟುವ ಹೊತ್ತಿಗೆ ಮುಗಿಸಿದೆ. ಈಗ ಜಗಳೂರು, ಹೊನ್ನಾಳಿ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯಿಂದ ಹೊಸದಾಗಿ ರಿಟೈರ್ ಆಗಿ ಬಂದ ತಮ್ಮಂದಿರು ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಊರಿಗೆ ಬಂದ ಮೊದಲ ವರ್ಷ ಮನೆ ಕಟ್ಟೋದು, ಬೋರ್ ಹಾಕಿಸೋದು, ನೆಂಟರ ಮದುವೆ ಅಂತ ಹೋಗಿಬಿಡುತ್ತದೆ. ಓದಿನ ಸೌಲಭ್ಯಗಳ ಕೊನೆಯ ದಿನಾಂಕಗಳೂ ಅದರ ಜೊತೆಗೇ ಹೋಗುತ್ತವೆ.

ಮೊದಲು ಹೆಸರು ಬರೆಸಿ

ಯಾವ ಸೌಲಭ್ಯಕ್ಕೂ ಬಾಗಿಲು ಒಂದೇ. ಅದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ. ನಮ್ಮವರೆಲ್ಲ ಸೈನಿಕ್ ಬೋರ್ಡ್ ಅಂತಲೇ ಕರೆಯೋದು. ರಾಜ್ಯದ ಎಲ್ಲ ಜಿಲ್ಲೆಯಲ್ಲೂ ಈ ಕಚೇರಿ ಇಲ್ಲ. ಒಂದೇ ಕಚೇರಿ ಅಕ್ಕಪಕ್ಕದ ಜಿಲ್ಲೆಗಳನ್ನೂ ನೋಡಿಕೊಳ್ಳುತ್ತದೆ. ಅದಕ್ಕೆ ಬಸ್ ಹತ್ತುವ ಮುಂಚೆ ಫೋನ್ ಮಾಡಿ ಕೇಳಿ: ನನ್ನ ತಾಲ್ಲೂಕು ನಿಮಗೇ ಸೇರುತ್ತಾ, ಅಧಿಕಾರಿ ಯಾವ ದಿನ ಸಿಗುತ್ತಾರೆ, ಏನೇನು ತರಬೇಕು? ಮೊಳಕಾಲ್ಮೂರಿನಿಂದ ಹೊರಟವನಿಗೆ ಒಂದು ಸಹಿಗಾಗಿ ಇಡೀ ದಿನ ಹೋಗುತ್ತದೆ ಅಲ್ವಾ?

ಜೊತೆಗೆ ಒಯ್ಯಬೇಕಾದದ್ದು: ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ, ಹೆಂಡತಿ ಮಕ್ಕಳ ಆಧಾರ್, ಮಕ್ಕಳ ಜನನ ಪತ್ರ. ಎಲ್ಲದರ ಅಸಲು ಮತ್ತು ಝೆರಾಕ್ಸ್ ಎರಡೂ ಇರಲಿ. ಅಲ್ಲಿ ನೋಂದಣಿ ಮಾಡಿಸಿ, ಮಾಜಿ ಸೈನಿಕರ ಗುರುತಿನ ಚೀಟಿಗೆ ಅರ್ಜಿ ಕೊಡಿ. ನಂತರ ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲೂ ನಿಮ್ಮ ಹೆಸರು ನೋಂದಾಯಿಸಬೇಕು. ಮಕ್ಕಳ ವಿದ್ಯಾರ್ಥಿವೇತನ, ಸಹಾಯಧನದ ಅರ್ಜಿಗಳೆಲ್ಲ ಆ ವೆಬ್‌ಸೈಟಿನಿಂದಲೇ ಹೋಗುತ್ತವೆ. ಜಿಲ್ಲಾ ಕಚೇರಿ ನೋಡಿ ಒಪ್ಪಿದ ಮೇಲೆ ರಾಜ್ಯಕ್ಕೆ, ಅಲ್ಲಿಂದ ದೆಹಲಿಗೆ.

ಸೈಬರ್ ಸೆಂಟರಿನಲ್ಲಿ ನೋಂದಣಿ ಮಾಡಿಸುವಾಗ ಒಂದು ಎಚ್ಚರಿಕೆ. ಮೊಬೈಲ್ ನಂಬರ್, ಇಮೇಲ್ ಎರಡೂ ನಿಮ್ಮವೇ ಇರಲಿ. ಅಂಗಡಿ ಹುಡುಗ ಅವಸರಕ್ಕೆ ತನ್ನ ಇಮೇಲ್ ಹಾಕಿಬಿಟ್ಟರೆ ಮುಂದಿನ ವರ್ಷ ಪಾಸ್‌ವರ್ಡ್ ಹುಡುಕಿಕೊಂಡು ಅವನ ಅಂಗಡಿಗೇ ಅಲೆಯಬೇಕು.

ಒಂದು ಅಕ್ಷರದ ತೊಂದರೆ

ನಾನು ನೋಡಿದ ಹಾಗೆ ನಮ್ಮ ಕಡೆಯ ಅರ್ಜಿಗಳು ಜಾಸ್ತಿ ನಿಲ್ಲೋದು ಹೆಸರಿನಲ್ಲಿ. ಹಣವೂ ಇರುತ್ತದೆ, ಅರ್ಹತೆಯೂ ಇರುತ್ತದೆ. ಹೆಸರು ಮಾತ್ರ ಕೂಡೋದಿಲ್ಲ.

ನಮ್ಮಲ್ಲಿ ಹೆಸರು ಹೇಗಿರುತ್ತೆ ನೋಡಿ. ಮನೆಯಲ್ಲಿ ಶಿವಣ್ಣ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಶಿವಪ್ಪ ಎಚ್., ಭರ್ತಿಯಾದಾಗ ಬರೆದುಕೊಂಡವರು ಉತ್ತರದವರು, ಅವರ ಕಿವಿಗೆ ಬಿದ್ದ ಹಾಗೆ ಶಿವಾಪ ಹನುಮಂತಪ್ಪ. ಹದಿನೇಳು ವರ್ಷ ಆ ಹೆಸರಲ್ಲೇ ಸಂಬಳ ಬಂತು, ಯಾರಿಗೂ ತೊಂದರೆ ಆಗಲಿಲ್ಲ. ಈಗ ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಶಿವಣ್ಣ. ಅಪ್ಪ ಮಗಳು ಇಬ್ಬರೂ ಎದುರಿಗೆ ನಿಂತಿದ್ದರೂ ಕಾಗದದ ಲೆಕ್ಕಕ್ಕೆ ಅವರು ಅಪ್ಪ ಮಗಳಲ್ಲ.

ನನ್ನ ಮನೆಯಲ್ಲೂ ಹೀಗೇ ಆಗಿತ್ತು. ಮಗನ ಹುಟ್ಟಿದ ದಿನಾಂಕ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ರಜೆ ಮುಗಿಸಿ ಯೂನಿಟ್ಟಿಗೆ ಹೋದಾಗ ನೆನಪಿನ ಮೇಲೆ ಬರೆಸಿದ್ದೆ. ಒಂದು ಅಂಕಿ ಸರಿಮಾಡಿಸೋದಕ್ಕೆ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ವರ್ಷದ ಅರ್ಜಿಯ ಅವಧಿ ಮುಗಿದಿತ್ತು.

ಹಾಗಾಗಿ ಒಂದು ಸಂಜೆ ಕೂತು ಎಲ್ಲ ದಾಖಲೆಗಳನ್ನು ಒಟ್ಟಿಗೆ ಹರಡಿಕೊಳ್ಳಿ. ಡಿಸ್ಚಾರ್ಜ್ ಬುಕ್, ಪಿಪಿಒ, ನಿಮ್ಮ ಮತ್ತು ಹೆಂಡತಿಯ ಆಧಾರ್, ಮಕ್ಕಳ ಜನನ ಪತ್ರ, ಮಾರ್ಕ್ಸ್ ಕಾರ್ಡು. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರ, ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ, ಹುಟ್ಟಿದ ದಿನಾಂಕ, ಎಲ್ಲವನ್ನೂ ತಾಳೆ ನೋಡಿ. ವ್ಯತ್ಯಾಸ ಕಂಡರೆ ಕೆಂಪು ಶಾಯಿಯಲ್ಲಿ ಬರೆದಿಡಿ.

ತಪ್ಪು ಸೇನೆಯ ದಾಖಲೆಯಲ್ಲಿದ್ದರೆ ತಿದ್ದುವುದು ನಿಮ್ಮ ರೆಕಾರ್ಡ್ ಆಫೀಸು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಾದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ. ನಿಮ್ಮದು ಯಾವುದೋ ಅಲ್ಲಿಗೆ ಸೈನಿಕ್ ಬೋರ್ಡಿನ ಮೂಲಕ ಅರ್ಜಿ ಕಳಿಸಿ. ಅಫಿಡವಿಟ್ ಕೇಳುತ್ತಾರೆ, ಹೆಸರು ಬದಲಾವಣೆಯಾದರೆ ಪತ್ರಿಕೆಯಲ್ಲಿ ಜಾಹೀರಾತನ್ನೂ ಕೇಳುತ್ತಾರೆ. ಮಗು ಹುಟ್ಟಿದ್ದು ಪಾರ್ಟ್-2 ಆರ್ಡರಿನಲ್ಲಿ, ಅಂದರೆ ಕುಟುಂಬದ ವಿವರ ದಾಖಲಾಗುವ ಸೇನೆಯ ಆದೇಶದಲ್ಲಿ, ಬರದೇ ಉಳಿದಿದ್ದರೆ ಅದನ್ನೂ ಇದೇ ಹೊತ್ತಿಗೆ ಸೇರಿಸಿಸಿ. ತಪ್ಪು ಶಾಲೆಯ ದಾಖಲೆಯಲ್ಲಿದ್ದರೆ ಮಗು ಹತ್ತನೇ ತರಗತಿ ಪರೀಕ್ಷೆಗೆ ನೋಂದಾಯಿಸುವ ಮುಂಚೆಯೇ ಸರಿಮಾಡಿಸಿ. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ಅಲೆದಾಟ ಬಹಳ. ಇನ್ನೂ ಸರ್ವಿಸ್‌ನಲ್ಲಿರುವ ತಮ್ಮಂದಿರೇ, ಈ ಕೆಲಸ ಯೂನಿಟ್ಟಿನ ಕ್ಲರ್ಕ್ ಪಕ್ಕದಲ್ಲೇ ಇರುವಾಗ ಎಷ್ಟು ಸುಲಭ ಅಂತ ನಿಮಗೆ ಈಗ ಗೊತ್ತಾಗೋದಿಲ್ಲ. ಮುಂದಿನ ರಜೆಗೆ ಬಂದಾಗಲೇ ಮಾಡಿಕೊಳ್ಳಿ.

ನಿಮ್ಮ ಸ್ವಂತ ಓದು

ಮಕ್ಕಳ ಓದು ಅಂದರೆ ಎಲ್ಲರೂ ಓಡುತ್ತಾರೆ. ತಮ್ಮ ಓದು ಅಂದರೆ "ಇನ್ನೇನು ಬಿಡಿ" ಅನ್ನುತ್ತಾರೆ. ನಿಮಗಿನ್ನೂ ಮೂವತ್ತೈದು, ಮೂವತ್ತೆಂಟು ವಯಸ್ಸು. ಇನ್ನೂ ಇಪ್ಪತ್ತು ವರ್ಷದ ದುಡಿಮೆ ಬಾಕಿ ಇದೆ. ಗೇಟಿನ ಮುಂದೆ ನಿಲ್ಲುವ ಕೆಲಸದಲ್ಲಿ ಅವಮಾನ ಏನೂ ಇಲ್ಲ. ಆದರೆ ಬೇರೆ ದಾರಿ ಇದೆ ಅಂತ ಗೊತ್ತಿಲ್ಲದೆ ಅದನ್ನೇ ಹಿಡಿಯಬೇಡಿ ಅಂತ ನನ್ನ ಕಳಕಳಿ.

ಮೊದಲಿಗೆ ಆ ಸಮಾನ ಪದವಿ ಕಾಗದದ ವಿಷಯ. ಹತ್ತನೇ ತರಗತಿ ಪಾಸಾಗಿ, ಕನಿಷ್ಠ 15 ವರ್ಷ ಸೇವೆ ಮಾಡಿದವರನ್ನು, ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಾದ ಜಾಗಕ್ಕೆ ಪರಿಗಣಿಸಬಹುದು ಎಂಬ ಆದೇಶ 1986ರಿಂದ ಇದೆ. ಬ್ಯಾಂಕ್ ಕ್ಲರ್ಕ್ ಹುದ್ದೆಗೂ ಇದು ನಡೆಯುತ್ತದೆ. ಅಲ್ಲಿಗೆ ಮಾತ್ರ. ಬ್ಯಾಂಕ್ ಪ್ರೊಬೇಷನರಿ ಆಫೀಸರ್ ಹುದ್ದೆಗೆ ನಡೆಯೋದಿಲ್ಲ. ಎಂ.ಎ., ಬಿ.ಎಡ್. ಸೇರೋದಕ್ಕೆ ನಡೆಯೋದಿಲ್ಲ. ಅದು ಯಾವ ವಿಶ್ವವಿದ್ಯಾಲಯವೂ ಕೊಟ್ಟ ಪದವಿ ಅಲ್ಲ. ಕಾಗದ ಒಳ್ಳೆಯದೇ, ಜೋಪಾನವಾಗಿಡಿ. ಕ್ಲರ್ಕ್ ಪರೀಕ್ಷೆಗೆ ಅದನ್ನು ಬಳಸಿ, ಜೊತೆಗೆ ನಿಜವಾದ ಪದವಿಗೂ ಸೇರಿಕೊಳ್ಳಿ. ಎರಡೂ ಒಟ್ಟಿಗೆ ನಡೆಯಬಹುದು.

ಹತ್ತನೇ ತರಗತಿ ಮುಗಿಸಿಯೇ ಸೇನೆಗೆ ಭರ್ತಿಯಾದವರು ಮೊದಲು ಪಿಯುಸಿ ಮುಗಿಸಬೇಕು. ಖಾಸಗಿ ಅಭ್ಯರ್ಥಿಯಾಗಿ ನಮ್ಮ ರಾಜ್ಯದ ಪಿಯು ಪರೀಕ್ಷೆ ಕಟ್ಟಬಹುದು. ಇಲ್ಲವೇ ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಹನ್ನೆರಡನೇ ತರಗತಿ ಬರೆಯಬಹುದು. ಎನ್‌ಐಒಎಸ್‌ನಲ್ಲಿ ಒಂದೇ ಸಲ ಎಲ್ಲ ವಿಷಯ ಬರೆಯಬೇಕೆಂದಿಲ್ಲ. ಜಮೀನಿನ ಕೆಲಸ ಇರುವವರಿಗೆ ಇದು ಅನುಕೂಲ.

ಪಿಯುಸಿ ಇದ್ದವರಿಗೆ ಎರಡು ಒಳ್ಳೆಯ ದಾರಿ. ಒಂದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಅದರ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬಹುದು. ಸೇರುವ ದಿನ ಡಿಸ್ಚಾರ್ಜ್ ಬುಕ್ ತೋರಿಸಿ, ಮಾಜಿ ಸೈನಿಕರ ಶುಲ್ಕ ರಿಯಾಯಿತಿ ಕೇಳಿ. ಕೇಳದಿದ್ದರೆ ಪೂರ್ತಿ ಶುಲ್ಕದ ರಸೀದಿಯೇ ಕೈಗೆ ಬರುತ್ತದೆ. ಇನ್ನೊಂದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಜನವರಿ ಮತ್ತು ಜುಲೈ ಎರಡು ಸಲ ಪ್ರವೇಶ, ಜೂನ್ ಮತ್ತು ಡಿಸೆಂಬರಿನಲ್ಲಿ ಪರೀಕ್ಷೆ. ಮೂರು ವರ್ಷದ ಬಿ.ಎ. ಮುಗಿಸೋದಕ್ಕೆ ಆರು ವರ್ಷದವರೆಗೆ ಸಮಯ ಕೊಡುತ್ತಾರೆ. 2022ರಲ್ಲಿ ಕೇಂದ್ರದ ಮಾಜಿ ಸೈನಿಕರ ಕಲ್ಯಾಣ ಇಲಾಖೆ ಇಗ್ನೋ ಜೊತೆ ಒಪ್ಪಂದ ಮಾಡಿಕೊಂಡಿತು. ಸೇನೆಯಲ್ಲಿ ಪಡೆದ ಟ್ರೇಡ್ ತರಬೇತಿಗೆ ಪದವಿಯ ಅರ್ಧ ಕ್ರೆಡಿಟ್, ಉಳಿದರ್ಧ ಇಗ್ನೋ ಪಾಠದಿಂದ ಅನ್ನೋದು ಅದರ ತಿರುಳು. ನಿಮ್ಮ ಟ್ರೇಡ್ ಕೋರ್ಸುಗಳ ಸರ್ಟಿಫಿಕೇಟು ಇದಕ್ಕೆ ಹೊಂದುತ್ತದಾ ಎಂದು ರೆಕಾರ್ಡ್ ಆಫೀಸಿಗೆ ಬರೆದು ಕೇಳಿ. ಡ್ರೈವರ್, ರೇಡಿಯೋ ಆಪರೇಟರ್, ನರ್ಸಿಂಗ್ ಅಸಿಸ್ಟೆಂಟ್, ಯಾವುದೇ ಕೋರ್ಸ್ ಇರಲಿ, ಆ ಕಾಗದಗಳನ್ನು ಹಳೇ ಯೂನಿಫಾರ್ಮ್ ಜೊತೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಬೇಡಿ.

ದೂರಶಿಕ್ಷಣದ ಪದವಿಗೆ ಬೆಲೆ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಆದರೆ ಆ ಮಾನ್ಯತೆ ಇದೆಯಾ ಅಂತ ಯುಜಿಸಿ ದೂರಶಿಕ್ಷಣ ಬ್ಯೂರೋದ ವೆಬ್‌ಸೈಟಿನಲ್ಲಿ ಆ ವರ್ಷದ ಪಟ್ಟಿ ನೀವೇ ನೋಡಬೇಕು. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಇವನ್ನು ದೂರಶಿಕ್ಷಣದಲ್ಲಿ ಕೊಡೋದಕ್ಕೆ ಯುಜಿಸಿ ಅನುಮತಿಯೇ ಇಲ್ಲ. ಕೊಡುತ್ತೇವೆ ಅಂದವರ ಹತ್ತಿರ ಕುರ್ಚಿಯಲ್ಲೂ ಕೂರಬೇಡಿ. ಹೊಸದುರ್ಗ ಕಡೆಯ ನನ್ನ ಜೊತೆಗಾರನೊಬ್ಬ ಒಂದೇ ವರ್ಷದಲ್ಲಿ ಡಿಗ್ರಿ ಅಂದ ಏಜೆಂಟನಿಗೆ ಗ್ರಾಚ್ಯುಟಿ ಹಣದಲ್ಲಿ ಐವತ್ತು ಸಾವಿರ ಕೊಟ್ಟ. ಕೈಗೆ ಬಂದದ್ದು ಹೊಳೆಯುವ ಮುದ್ರೆಯ ಒಂದು ಕಾಗದ. ಕೆಲಸದ ದಾಖಲೆ ಪರಿಶೀಲನೆಯಲ್ಲಿ ಅದು ನಕಲಿ ಅಂತ ಗೊತ್ತಾಯಿತು. ಹದಿನೇಳು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದ ಮನುಷ್ಯ, ಅವತ್ತು ಆಫೀಸಿನ ಹೊರಗೆ ಕಲ್ಲು ಬೆಂಚಿನ ಮೇಲೆ ಕೂತು ಅತ್ತುಬಿಟ್ಟ.

ಪದವಿ ಬೇಡ, ಕೈಗೆ ಒಂದು ಕೆಲಸ ಸಾಕು ಅನ್ನುವವರಿಗೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಕೋರ್ಸುಗಳನ್ನು ನಡೆಸುತ್ತದೆ. ಜೂನಿಯರ್ ಕಮಿಷನ್ಡ್ ಆಫೀಸರ್ (ಜೆಸಿಒ) ಮತ್ತು ಜವಾನರ ಶುಲ್ಕವನ್ನು ಅದೇ ಭರಿಸುತ್ತದೆ. ಇದನ್ನು ರಿಟೈರ್ ಆಗುವ ಮುಂಚೆ ತೆಗೆದುಕೊಳ್ಳುವುದೇ ಸರಿ. ತಪ್ಪಿಸಿಕೊಂಡವರು ಸೈನಿಕ್ ಬೋರ್ಡಿನಲ್ಲಿ ವಿಚಾರಿಸಿ. ಕೋರ್ಸ್ ಆರಿಸುವಾಗ ಊರು ನೆನಪಿರಲಿ. ಹರಿಹರ, ದಾವಣಗೆರೆಯ ವರ್ಕ್‌ಶಾಪುಗಳಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಯಾವ ಕೆಲಸಕ್ಕೆ ಜನ ಬೇಕು ಅಂತ ಒಂದು ಸಲ ಸುತ್ತಾಡಿ ನೋಡಿ, ಆಮೇಲೆ ಫಾರ್ಮ್ ತುಂಬಿ.

ಮಕ್ಕಳಿಗೆ

ದೊಡ್ಡದು ಪ್ರಧಾನಮಂತ್ರಿ ವಿದ್ಯಾರ್ಥಿವೇತನ. 2006-07ರಲ್ಲಿ ಶುರುವಾದದ್ದು. ವರ್ಷಕ್ಕೆ 5,500 ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ವರ್ಷದ ಹಣ ಒಟ್ಟಿಗೆ ಬರುತ್ತದೆ. ಎಂಜಿನಿಯರಿಂಗ್ ಸೇರಿದ ಮಗಳಿಗೆ ನಾಲ್ಕು ವರ್ಷಕ್ಕೆ 1,44,000. ಎಂಬಿಬಿಎಸ್, ಫಾರ್ಮಸಿ, ಬಿ.ಎಡ್., ಬಿಬಿಎ, ಬಿಸಿಎ ಇಂಥ ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಸ್ನಾತಕೋತ್ತರದಲ್ಲಿ ಎಂಬಿಎ, ಎಂಸಿಎಗೆ ಉಂಟು, ಉಳಿದವಕ್ಕೆ ಇಲ್ಲ. ದೂರಶಿಕ್ಷಣಕ್ಕೆ ಇಲ್ಲ. ಪಿಯುಸಿಯಲ್ಲಿ, ಅಥವಾ ಆ ಕೋರ್ಸಿಗೆ ಬೇಕಾದ ಹಿಂದಿನ ಪರೀಕ್ಷೆಯಲ್ಲಿ ಶೇ. 60 ಬಂದಿರಬೇಕು. ಬಿಎಸ್‌ಎಫ್, ಸಿಆರ್‌ಪಿಎಫ್‌ನವರ ಮಕ್ಕಳಿಗೆ ಬೇರೆ ಯೋಜನೆ ಇದೆ, ಇದಕ್ಕೆ ಅರ್ಜಿ ಹಾಕಿ ಸಮಯ ಕಳೆಯಬೇಡಿ.

ಇದರಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹೊಸ ಅರ್ಜಿ ಹಾಕೋದು ಮಗು ಮೊದಲ ವರ್ಷದಲ್ಲಿದ್ದಾಗ ಮಾತ್ರ. ಎರಡನೇ ವರ್ಷ ನೆನಪಾದರೆ ಉಪಯೋಗ ಇಲ್ಲ. ವೆಬ್‌ಸೈಟಿನಲ್ಲಿ ಅರ್ಜಿ ತೆರೆಯೋದು ಸಾಮಾನ್ಯವಾಗಿ ಮಳೆಗಾಲ ಮುಗಿಯುವ ಹೊತ್ತಿಗೆ. ನಮ್ಮಲ್ಲಿ ಆಗ ಮೆಕ್ಕೆಜೋಳ ಮುರಿಯುವ, ಶೇಂಗಾ ಕೀಳುವ ಕಾಲ. ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ, ಮಗಳು ಹಾಸ್ಟೆಲ್‌ನಲ್ಲಿ. ಕಾಲೇಜಿನ ಬೋನಫೈಡ್, ಅಂದರೆ ಇಲ್ಲೇ ಓದುತ್ತಿದ್ದಾಳೆ ಅನ್ನೋ ದೃಢೀಕರಣ, ತರೋದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆ ಅಡ್ಮಿಷನ್ ಆದ ವಾರದಲ್ಲೇ ಮೂರು ಕಾಗದ ಸಿದ್ಧ ಮಾಡಿಕೊಳ್ಳಿ: ಸೈನಿಕ್ ಬೋರ್ಡಿನ ಮಾಜಿ ಸೈನಿಕ ದೃಢೀಕರಣ, ಕಾಲೇಜಿನ ಬೋನಫೈಡ್, ಆಧಾರ್ ಜೋಡಣೆಯಾದ ಮಗುವಿನ ಖಾತೆ ಬಗ್ಗೆ ಬ್ಯಾಂಕಿನ ದೃಢೀಕರಣ. ಮೂರಕ್ಕೂ ನಿಗದಿತ ನಮೂನೆ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಕಾಲೇಜಿನ ಸ್ವಂತ ಲೆಟರ್‌ಹೆಡ್ ಪತ್ರ ಆಗೋದಿಲ್ಲ. ಅಸಲನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಝೆರಾಕ್ಸಿನ ಸ್ಕ್ಯಾನ್ ಬೇಡ. ಮುಂದಿನ ವರ್ಷಗಳಲ್ಲಿ ಶೇ. 50 ಉಳಿಸಿಕೊಂಡು ನವೀಕರಿಸುತ್ತಾ ಹೋಗಬೇಕು.

ಶಾಲೆಗೆ ಹೋಗುವ ಮಕ್ಕಳಿಗೆ ಶಿಕ್ಷಣ ಸಹಾಯಧನ ಇದೆ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ಇಬ್ಬರು ಮಕ್ಕಳಿಗೆ, ಒಂದನೇ ತರಗತಿಯಿಂದ ಪದವಿವರೆಗೆ. ತಿಂಗಳಿಗೆ 1,000 ಇದ್ದದ್ದನ್ನು 2025ರ ನವೆಂಬರ್ 1ರ ನಂತರದ ಅರ್ಜಿಗಳಿಗೆ 2,000 ಮಾಡಿದ್ದಾರೆ. ಸ್ನಾತಕೋತ್ತರ ಓದುವ ಸೈನಿಕರ ವಿಧವೆಯರಿಗೂ ಎರಡು ವರ್ಷ ಇದೇ ಮೊತ್ತ ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಅಕ್ಕತಂಗಿಯರಿಗೆ ಈ ಮಾತು ದಯವಿಟ್ಟು ತಲುಪಿಸಿ. ಎಷ್ಟೋ ಮನೆಗಳಲ್ಲಿ ಮಕ್ಕಳ ಅರ್ಜಿ ಹಾಕಿಸುತ್ತಾರೆ, ಆಕೆಯೂ ಓದಬಹುದು ಅಂತ ಹೇಳುವವರೇ ಇರೋದಿಲ್ಲ.

ಈ ಶಿಕ್ಷಣ ಸಹಾಯಧನ ಕೇಳೋದಕ್ಕೆ ಕೆಲವರಿಗೆ ಸಂಕೋಚ. ಶಾಲೆಯಲ್ಲಿದ್ದಾಗ ಡಿಸೆಂಬರ್ 7ಕ್ಕೆ ಮೇಷ್ಟ್ರು ಪುಟ್ಟ ಧ್ವಜ ಕೊಟ್ಟು ಚಿಲ್ಲರೆ ಕಾಸು ಕಟ್ಟಿಸಿಕೊಂಡದ್ದು ನೆನಪಿದೆಯಾ? 1949ರಿಂದ ನಡೆದು ಬಂದ ಆ ಧ್ವಜ ದಿನದ ನಿಧಿಯಿಂದಲೇ ಇದು ಬರೋದು. ನಿಮ್ಮ ಊರಿನ ಮಕ್ಕಳು ನಿಮಗಾಗಿ ಕೊಟ್ಟ ದುಡ್ಡು.

ನಮ್ಮ ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ಪುಸ್ತಕ ಅನುದಾನ, ಶಿಷ್ಯವೇತನ ಕೊಡುತ್ತದೆ. ಅದರ ದಿನಾಂಕ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸಣ್ಣದಾಗಿ ಬರುತ್ತದೆ, ಕಣ್ಣಿಟ್ಟಿರಿ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ ಆರನೇ ಮತ್ತು ಒಂಬತ್ತನೇ ತರಗತಿ ಪ್ರವೇಶದಲ್ಲಿ ಮಾಜಿ ಸೈನಿಕರ ಮಕ್ಕಳಿಗೂ ಮೀಸಲು ಇದೆ. ಕೇಂದ್ರೀಯ ವಿದ್ಯಾಲಯದಲ್ಲಿ ಮಾಜಿ ಸೈನಿಕರ ಮಕ್ಕಳು ಮೊದಲ ಆದ್ಯತೆಯ ಗುಂಪಿಗೇ ಸೇರುತ್ತಾರೆ.

ಸಿಇಟಿ ಬರೆಯುವ ಮಗು ಇದ್ದರೆ ಇನ್ನೊಂದು ಮಾತು. ಅರ್ಜಿ ತುಂಬುವಾಗಲೇ ವಿಶೇಷ ವರ್ಗದ ಜಾಗದಲ್ಲಿ ಮಾಜಿ ಸೈನಿಕರ ಮಗು ಎಂದು ಗುರುತು ಹಾಕಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ತಡವಾಯಿತು. ಕಾಲೇಜಿನವರು ತುಂಬುತ್ತಾರೆ ಅಂತ ಬಿಡಬೇಡಿ. ನೂರಾರು ಮಕ್ಕಳ ಅರ್ಜಿಯ ನಡುವೆ ಅವರಿಗೆ ಅಪ್ಪ ಮಿಲಿಟರಿಯಲ್ಲಿದ್ದದ್ದು ಹೇಗೆ ಗೊತ್ತಾಗಬೇಕು? ಮಗುವಿನ ಪಕ್ಕ ನೀವೇ ಕೂತು ತುಂಬಿಸಿ. ಭರ್ತಿಯಾದಾಗ ಕೊಟ್ಟ ಊರು ಕರ್ನಾಟಕದ್ದು ಅಂತ ತೋರಿಸೋದಕ್ಕೆ ಡಿಸ್ಚಾರ್ಜ್ ಬುಕ್ ಬೇಕಾಗುತ್ತದೆ.

ಅಗ್ನಿವೀರರಿಗೆ

2022ರ ಕೊನೆಗೆ ಸೇರಿದ ಮೊದಲ ತಂಡಕ್ಕೆ 2026ರ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಯ ಹುಡುಗರೂ ಅದರಲ್ಲಿದ್ದಾರೆ. ತಮ್ಮಂದಿರೇ, ಮೇಲೆ ಹೇಳಿದ ಬಹುಪಾಲು ಮಾಜಿ ಸೈನಿಕರಿಗೆ ಇರುವುದು. ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರಿಗೆ ಯೋಜನೆಯ ನಿಯಮದಂತೆ ಆ ಸ್ಥಾನ ಇಲ್ಲ, ಪಿಂಚಣಿಯೂ ಇಲ್ಲ. ಆದರೆ ಹತ್ತನೇ ತರಗತಿ ಮುಗಿಸಿ ಸೇನೆಗೆ ಸೇರಿದವರಿಗೆ ಎನ್‌ಐಒಎಸ್ ಮೂಲಕ ಹನ್ನೆರಡನೇ ತರಗತಿ ಪ್ರಮಾಣಪತ್ರದ ವ್ಯವಸ್ಥೆ ಇದೆ. ತರಬೇತಿಯನ್ನೇ ಅರ್ಧ ಕ್ರೆಡಿಟ್ ಆಗಿ ಲೆಕ್ಕ ಹಾಕುವ ಇಗ್ನೋ ಪದವಿಯೂ ಇದೆ. ಇವೆರಡಕ್ಕೂ ಯೂನಿಟ್ಟಿನಲ್ಲಿರುವಾಗಲೇ ನೋಂದಾಯಿಸಿಕೊಳ್ಳಿ. ಹೊರಬರುವಾಗ ಸಿಗುವ ಸೇವಾ ನಿಧಿಯ ಸುಮಾರು 11.71 ಲಕ್ಷ ಕೈಗೆ ಬಂದ ದಿನ ಬುಲೆಟ್ ಗಾಡಿ ಕರೆಯುತ್ತದೆ, ಗೊತ್ತು. ಮೂರು ವರ್ಷದ ಓದಿನ ಖರ್ಚನ್ನು ಮೊದಲು ಬೇರೆ ಠೇವಣಿಯಲ್ಲಿ ಇಡಿ, ಆಮೇಲೆ ಶೋರೂಮಿಗೆ ಹೋಗಿ.

ಅರ್ಜಿ ಹೋದ ಮೇಲೆ

ಅರ್ಜಿ ಸಲ್ಲಿಸಿದ ತಕ್ಷಣ ಬರುವ ನಂಬರನ್ನು ಡಿಸ್ಚಾರ್ಜ್ ಬುಕ್ಕಿನ ಝೆರಾಕ್ಸ್ ಹಿಂದೆ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ವೆಬ್‌ಸೈಟಿನಲ್ಲಿ ಸ್ಥಿತಿ ನೋಡಿ. ತಪ್ಪಿದ್ದರೆ ಅರ್ಜಿ ತಿದ್ದಲು ವಾಪಸ್ ಬಂದಿರುತ್ತದೆ. ಅದನ್ನು ಹೇಳೋದಕ್ಕೆ ಯಾರೂ ಮನೆಗೆ ಬರೋದಿಲ್ಲ, ಎಸ್ಸೆಮ್ಮೆಸ್ ಬಂದರೂ ಕಣ್ತಪ್ಪುತ್ತದೆ. ವಾಪಸ್ ಬಂದಿದ್ದರೆ ಕೇಳಿದ ಒಂದೇ ಕಾಗದವನ್ನು ಸರಿಮಾಡಿ ಮತ್ತೆ ಹಾಕಿ, ನಂತರ ಸೈನಿಕ್ ಬೋರ್ಡಿಗೆ ಫೋನ್ ಮಾಡಿ ಅರ್ಜಿ ನಂಬರ್ ಹೇಳಿ. ನನ್ನ ಮಗಳ ಅರ್ಜಿ ಎರಡು ಸಲ ವಾಪಸ್ ಬಂತು. ಒಮ್ಮೆ ಕಾಲೇಜಿನ ಸೀಲು ಮಸುಕಾಗಿತ್ತು, ಇನ್ನೊಮ್ಮೆ ಖಾತೆ ನಂಬರಿನ ಒಂದು ಅಂಕಿ ಬಿಟ್ಟುಹೋಗಿತ್ತು. ಮೂರನೇ ಸಲಕ್ಕೆ ಹೋಯಿತು. ಹಣ ಬಂದ ದಿನ ಅವಳು ಹಾಸ್ಟೆಲ್‌ನಿಂದ ಫೋನ್ ಮಾಡಿದಾಗ ನಾನು ಮೆಕ್ಕೆಜೋಳದ ಕಣದಲ್ಲಿದ್ದೆ.